ಶ್ರಾವಣದ ಬೇಸಿಗೆ: ಕಲಬುರಗಿಯಿಂದ ಬೀದರ್‌ವರೆಗೆ

ಶನಿವಾರ, ಆಗಸ್ಟ್ 19, 2023

ಪಂಚಾಂಗದ ಲೆಕ್ಕದಲ್ಲಿ ಮಘೆ ಮಳೆ ಗುರುವಾರವೇ ಹುಟ್ಟಿತ್ತು. ಅಧಿಕ ಶ್ರಾವಣ ಮುಗಿದು ನಿಜ ಶ್ರಾವಣ ಕಾಲಿಟ್ಟದ್ದೂ ಅಂದೇ. ಹುಬ್ಬಳ್ಳಿಯಲ್ಲಿ ರಾತ್ರಿ ಹತ್ತಿದ ಬಸ್ಸು ಜೇವರ್ಗಿ ದಾಟಿ ಕಟ್ಟಿಸಂಗಾವಿಯ ಸೇತುವೆಯ ಮೇಲೆ ಬಂದಾಗ ನನಗೆ ಎಚ್ಚರವಾಯಿತು. ಕೆಳಗೆ ಭೀಮೆ. ನೀರೇ ಇಲ್ಲವೆಂದಲ್ಲ, ಬಂಡೆಗಳ ನಡುವೆ ಹಸಿರುಗಟ್ಟಿ ನಿಂತಿತ್ತು, ಹರಿಯುತ್ತಿರಲಿಲ್ಲ. ಆಗಸ್ಟ್ ಬಂತೆಂದರೆ ಮೇಲಿನ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರು, ಅಫಜಲಪುರದ ಕಡೆ ನದಿದಂಡೆಯ ಊರುಗಳಿಗೆ ಡಂಗುರ ಸಾರಿದರು ಎಂಬ ಸುದ್ದಿ ಓದಿಯೇ ನಮಗೆ ಅಭ್ಯಾಸ. ಈ ಸಲ ಮಹಾರಾಷ್ಟ್ರದಲ್ಲಿ ಉಜನಿಯೇ ತುಂಬಿರಲಿಲ್ಲ. ಬಿಡಲು ಅಲ್ಲೇನಿತ್ತು?

ನಾನು ಶಿರಸಿಯವಳು. ನಮ್ಮಲ್ಲೂ ಆ ತಿಂಗಳು ಮಳೆ ಕೈಕೊಟ್ಟಿತ್ತು. ಆದರೆ ಮಲೆನಾಡಿನಲ್ಲಿ ಮಳೆ ಕೈಕೊಟ್ಟರೆ ಮೊದಲು ಬಟ್ಟೆ ಒಣಗುತ್ತದೆ, ಹಪ್ಪಳ ಒಣಗುತ್ತದೆ, ಜನರಿಗೆ ಒಂದಿಷ್ಟು ಖುಷಿಯೂ ಆಗುತ್ತದೆ; ಭತ್ತದ ಗದ್ದೆಯ ಚಿಂತೆ ಆಮೇಲೆ. ಬಯಲುಸೀಮೆಯಲ್ಲಿ ಹಾಗೆ ನಡುವಿನ ಖುಷಿ ಎಂಬುದಿಲ್ಲ. ಕಲಬುರಗಿಯಲ್ಲಿ ಪಾಠ ಹೇಳುವ ನನ್ನ ಗೆಳತಿ "ಪಂಚಮಿಗೆ ಬಾ, ನಮ್ಮ ಹಳ್ಳಿ ತೋರಿಸುತ್ತೇನೆ, ಜಿಟಿಜಿಟಿ ಮಳೆಯಲ್ಲಿ ಜೋಕಾಲಿ ಆಡೋಣ" ಎಂದು ಜುಲೈ ಕೊನೆಯಲ್ಲಿ ಕರೆದಿದ್ದಳು. ಆಗ ಅಲ್ಲಿ ಮಳೆ ಹಿಡಿದುಕೊಂಡಿತ್ತು. ಫೋನಿನಲ್ಲಿ ಅವಳ ಮಾತಿಗಿಂತ ಹನಿಗಳ ಸದ್ದೇ ಹೆಚ್ಚು ಕೇಳುತ್ತಿತ್ತು.

ಬಸ್ ನಿಲ್ದಾಣದಲ್ಲಿ ಬೆಳಗಿನ ಎಂಟಕ್ಕೇ ಬಿಸಿಲು ಬೆನ್ನು ಸುಡುತ್ತಿತ್ತು. ಛತ್ರಿ ಹಿಡಿದವರು ಬಹಳ ಜನರಿದ್ದರು, ಎಲ್ಲರದ್ದೂ ಒಣ ಛತ್ರಿ. ಬ್ರಹ್ಮಪುರದ ಮನೆಯಲ್ಲಿ ಗೆಳತಿಯ ಅತ್ತೆ, ಎಲ್ಲರೂ ಆಯಿ ಎಂದು ಕರೆಯುವವರು, ಬಾಗಿಲಲ್ಲೇ ತಂಬಿಗೆ ನೀರು ಕೊಟ್ಟರು. "ಕೂಲರ್ ಅಟ್ಟಕ್ಕೆ ಹಾಕಿದ್ದೇವೆ ತಂಗಿ. ಅದರ ಹುಲ್ಲು ತೆಗೆದು, ತೊಳೆದು, ಕಟ್ಟಿಟ್ಟು ಆಯಿತು. ಶ್ರಾವಣದಲ್ಲಿ ಯಾರಾದರೂ ಕೂಲರ್ ಇಳಿಸುತ್ತಾರೇನು?" ಎಂದು ಕೇಳಿದರು. ಪ್ರಶ್ನೆಯಲ್ಲಿ ಸಿಟ್ಟಿತ್ತು, ಅದು ನನ್ನ ಮೇಲಲ್ಲ, ಆಕಾಶದ ಮೇಲೆ.

ಆ ಮಾತು ನನಗೆ ಇಡೀ ಪ್ರವಾಸದುದ್ದಕ್ಕೂ ಬೇರೆ ಬೇರೆ ರೂಪದಲ್ಲಿ ಎದುರಾಯಿತು. ಮೇ ತಿಂಗಳಲ್ಲಿ ಈ ಊರಿಗೆ 42, 43 ಡಿಗ್ರಿ ಹೊಸದಲ್ಲ. ಅದಕ್ಕೊಂದು ಏರ್ಪಾಡೇ ಇದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ವೃತ್ತಗಳಲ್ಲಿ ಅರವಟಿಗೆಗಳು ಏಳುತ್ತವೆ, ಮಣ್ಣಿನ ಗಡಿಗೆಗಳ ಮೇಲೆ ಒದ್ದೆ ಬಟ್ಟೆ ಸುತ್ತುತ್ತಾರೆ. ಶಾಲೆಗಳಿಗೆ ರಜೆ, ಹೊಲಗಳೂ ಖಾಲಿ. ಮಧ್ಯಾಹ್ನ ಬೀದಿಯಲ್ಲಿ ನಾಯಿಯೂ ಕಾಣುವುದಿಲ್ಲ. ಆಗಸ್ಟ್‌ನಲ್ಲಿ ಇದಾವುದೂ ಇಲ್ಲ. ಕಚೇರಿ ಹತ್ತಕ್ಕೇ, ಮಕ್ಕಳು ತಗಡಿನ ಛಾವಣಿಯ ಕೆಳಗೆ ನಾಲ್ಕೂವರೆಯವರೆಗೆ, ಗಡಿಗೆಗಳು ಮೂಲೆ ಸೇರಿವೆ, ಹೊಲದ ತುಂಬ ಪೈರು. ಬಿಸಿಲು ಬಂದಿದೆ, ಅದನ್ನು ಎದುರುಗೊಳ್ಳುವವರು ರಜೆಯ ಮೇಲಿದ್ದಾರೆ.

ಆ ದಿನ ಮೊಬೈಲ್ ತೋರಿಸಿದ್ದು 34 ಡಿಗ್ರಿ. ಇದನ್ನು ಬರೆದರೆ ಓದುವವರು ನಗಬಹುದು. ಹವಾಮಾನ ಇಲಾಖೆಯ ಪ್ರಕಾರ ಬಯಲು ಪ್ರದೇಶದಲ್ಲಿ ಉಷ್ಣತೆ ಕನಿಷ್ಠ 40 ಮುಟ್ಟಿ, ಜೊತೆಗೆ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಮೇಲೇರಿದರೆ ಬಿಸಿಗಾಳಿ ಎಂದು ಘೋಷಿಸುತ್ತಾರೆ. ವಾಡಿಕೆ ಏನೇ ಇರಲಿ, 45 ಮುಟ್ಟಿದರೂ ಸರಿ. 34ಕ್ಕೆ ಯಾವ ಘೋಷಣೆಯೂ ಇಲ್ಲ. ಅದೂ ಅಳೆಯುವುದು ನೆಲದಿಂದ ನಾಲ್ಕು ಅಡಿ ಎತ್ತರದ ಬಿಳಿ ಪೆಟ್ಟಿಗೆಯೊಳಗೆ, ಗಾಳಿಯಾಡುವ ನೆರಳಿನಲ್ಲಿ. ಸೂಪರ್ ಮಾರ್ಕೆಟ್ಟಿನ ಡಾಂಬರಿನ ಮೇಲೆ ತಳ್ಳುಗಾಡಿ ನಿಲ್ಲಿಸಿಕೊಂಡ ಬಾಳೆಹಣ್ಣಿನವರಿಗೆ ಆ ಪೆಟ್ಟಿಗೆಯ ನೆರಳು ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಗಾಳಿಯಲ್ಲಿ ಮಳೆಗಾಲದ ತೇವ ಪೂರ್ತಿ ಹೋಗಿರಲಿಲ್ಲ. ಬೆವರು ಆರದು. ಕೂಲರ್ ಇಳಿಸಿದ್ದರೂ ಇಂಥ ಗಾಳಿಯಲ್ಲಿ ಅದು ತಂಪಿಗಿಂತ ಮುಗ್ಗಲನ್ನೇ ಕೊಡುತ್ತಿತ್ತು. ನೀರು ಆವಿಯಾದರೆ ತಾನೇ ತಂಪು?

ಭಾನುವಾರ, ಆಗಸ್ಟ್ 20

ನಾಗರ ಚೌತಿ. ಆಯಿ ಮಣ್ಣಿನ ನಾಗಪ್ಪನಿಗೆ ಹಾಲೆರೆದು, ನಮ್ಮ ಕೈಗೂ ಒಣಕೊಬ್ಬರಿ ಬಟ್ಟಲಲ್ಲಿ ಹಾಲು ಕೊಟ್ಟು, ಮನೆಯವರ ಒಬ್ಬೊಬ್ಬರ ಹೆಸರಿನಲ್ಲೂ ಎರೆಸಿದರು. ಕೊನೆಗೆ ಯಾರ ಹೆಸರೂ ಹೇಳದೆ ಇನ್ನೊಂದು ಸಲ ಎರೆದರು. ಯಾರ ಪಾಲು ಎಂದು ಕೇಳಿದ್ದಕ್ಕೆ "ಮಳೆರಾಯನದು" ಎಂದರು.

ಮಧ್ಯಾಹ್ನ ಕೋಟೆಗೆ ಹೋದೆವು, ಬಿಸಿಲಿನಲ್ಲಿ ಹೋಗಲು ಅದಕ್ಕಿಂತ ಒಳ್ಳೆಯ ಜಾಗ ಊರಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಾಗ ರಾಜಧಾನಿಯಾದ ಊರಿದು. ಕೋಟೆಯೊಳಗಿನ ಜಾಮಿ ಮಸೀದಿ 1367ರದ್ದು. ಮಸೀದಿ ಎಂದರೆ ನಡುವೆ ತೆರೆದ ಅಂಗಳವಿರಬೇಕು. ಇಲ್ಲಿ ಅಂಗಳವೇ ಇಲ್ಲ. ಇಡೀ ನೆಲವನ್ನು ಗುಮ್ಮಟಗಳ ಛಾವಣಿ ಮುಚ್ಚಿದೆ. ಸ್ಪೇನಿನ ಕಾರ್ಡೋಬಾ ಮಸೀದಿಯೊಂದಿಗೆ ಇದನ್ನು ಹೋಲಿಸುವುದು ವಾಡಿಕೆ, ಪರ್ಷಿಯಾದಿಂದ ಬಂದ ಶಿಲ್ಪಿ ಕಟ್ಟಿದ ಎನ್ನುವುದೂ ವಾಡಿಕೆ. ಕಮಾನುಗಳ ಸಾಲಿನೊಳಗೆ ಕಾಲಿಟ್ಟೊಡನೆ ಕುತ್ತಿಗೆಯ ಬೆವರು ತಣ್ಣಗಾದಾಗ, ಕಲಬುರಗಿಯ ಬಿಸಿಲನ್ನು ಒಂದು ಬೇಸಿಗೆ ಉಂಡವನೇ ಈ ಅಂಗಳವನ್ನು ಮುಚ್ಚಿಸಿರಬೇಕು ಎಂದು ನನಗನ್ನಿಸಿತು. ಇತಿಹಾಸಕಾರರು ಒಪ್ಪದಿದ್ದರೆ ಬೇಡ. ದಪ್ಪ ಗೋಡೆ, ಎತ್ತರದ ಛಾವಣಿ, ಎದುರುಬದುರು ಗಾಳಿ. ಕಾವಲುಗಾರರು ಒಳಗಿನ ಕಂಬವೊಂದಕ್ಕೆ ಒರಗಿ ಕೂತಿದ್ದರು, ಏಳುವ ಮನಸ್ಸಿರಲಿಲ್ಲ. ನಮಗೂ ಇರಲಿಲ್ಲ.

ಸಂಜೆ ಅಪ್ಪನ ಕೆರೆಯ ದಂಡೆ. ಜುಲೈ ಮಳೆಯ ಕೃಪೆಯಿಂದ ನೀರಿತ್ತು. ಹೊರಗಿನಿಂದ ಬಂದವರಿಗೆ ಬರದ ಗುರುತೇ ಸಿಗದು. ಊರು ಹಸಿರಾಗಿತ್ತು, ಬೇವಿನ ಮರಗಳು ತೊಳೆದಂತಿದ್ದವು. ಜೋಕುಮಾರನ ಹಾಗೆ ಎಲ್ಲ ಕಡೆ ನಗುತ್ತ ತಿರುಗುವ ಈ ಬರವನ್ನು ಹಿಡಿಯುವುದು ಹೇಗೆ ಎಂದು ಗೆಳತಿಯನ್ನು ಕೇಳಿದೆ. "ನಾಳೆ ಕಾಕಾನ ಹೊಲಕ್ಕೆ ಹೋಗೋಣ" ಎಂದಳು.

ಸೋಮವಾರ, ಆಗಸ್ಟ್ 21

ಪಂಚಮಿಯೂ ಹೌದು, ಶ್ರಾವಣ ಸೋಮವಾರವೂ ಹೌದು. ಶರಣಬಸವೇಶ್ವರ ಗುಡಿಯ ಮುಂದೆ ನಸುಕಿನಿಂದಲೇ ಸಾಲು. ಕಾಯಿ ಒಡೆಸಿ, ಆಳಂದದ ಕಡೆಯ ಬಸ್ಸು ಹಿಡಿದೆವು. ಜೂನ್ 11ರಿಂದ ಶಕ್ತಿ ಯೋಜನೆಯ ಪುಣ್ಯದಿಂದ ಹೆಂಗಸರಿಗೆ ಶೂನ್ಯ ಟಿಕೆಟ್. ತವರಿಗೆ ಹೊರಟ ಹೆಣ್ಣುಮಕ್ಕಳು, ಅವರ ಉಂಡಿ ಡಬ್ಬಿಗಳು, ಮಡಿಲ ಮಕ್ಕಳು ತುಂಬಿ ಬಸ್ಸಿನಲ್ಲಿ ಗಂಡಸರು ಬಾಗಿಲಿಗೆ ಜೋತುಬಿದ್ದಿದ್ದರು. ಒಂದು ತಾಯಿ ಶೇಂಗಾ ಉಂಡಿ ಕೈಗಿಟ್ಟರು. ಯಾವ ಊರು, ಎಷ್ಟು ಮಕ್ಕಳು, ನಿಮ್ಮಲ್ಲಾದರೂ ಮಳೆ ಉಂಟೇ, ಈ ಕ್ರಮದಲ್ಲಿ ವಿಚಾರಣೆ ನಡೆಯಿತು.

ಕಾಕಾ, ಅಂದರೆ ಗೆಳತಿಯ ಗಂಡನ ಚಿಕ್ಕಪ್ಪ, ಊಟಕ್ಕೂ ಮೊದಲು ಹೊಲಕ್ಕೆ ಕರೆದುಕೊಂಡು ಹೋದರು. ದೂರದಿಂದ ಎಲ್ಲ ಹಸಿರು. ಹತ್ತಿರ ಹೋದಾಗ ತೊಗರಿ ಮೊಣಕಾಲೆತ್ತರ ಇತ್ತು, ಅದರ ಸಾಲುಗಳ ನಡುವೆ ಹೆಸರುಕಾಳಿನ ಬೆಳೆ. ಹೆಸರಿನ ಎಲೆಗಳು ಮಧ್ಯಾಹ್ನದ ಬಿಸಿಲಿಗೆ ಮಡಚಿಕೊಂಡು ಬೆನ್ನು ತೋರಿಸುತ್ತಿದ್ದವು. ಕೆಳಗಿನ ಎಲೆಗಳು ಹಳದಿ. ಕಾಕಾ ಒಂದು ಗಿಡ ಬಗ್ಗಿಸಿ ತೋರಿಸಿದರು: ಹೂವು ಉದುರಿದ ತೊಟ್ಟುಗಳು, ಅಲ್ಲೊಂದು ಇಲ್ಲೊಂದು ಕಾಯಿ, ಕಾಯಿಯೊಳಗೆ ಎರಡೋ ಮೂರೋ ಕಾಳು.

"ರೋಹಿಣಿ, ಮೃಗಶಿರಾ ಎರಡೂ ಬರಲಿಲ್ಲ. ಹೆಸರು ಜೂನ್‌ನಲ್ಲಿ ಬೀಳಬೇಕಿತ್ತು, ಜುಲೈನಲ್ಲಿ ಬಿತ್ತಿದೆವು. ಆಮೇಲೆ ಬಂತು ನೋಡಿ, ಒಂದು ವಾರ ಹೊಲಕ್ಕೆ ಕಾಲಿಡಲು ಬಿಡಲಿಲ್ಲ. ಬೇರು ಕೊಳೆಯಿತು. ಉಳಿದದ್ದು ಹೂವಾಡುವ ಹೊತ್ತಿಗೆ ಮಳೆ ಓಡಿಹೋಯಿತು. ಹೋದ ವರ್ಷ ತೊಗರಿಯನ್ನು ನೆಟೆ ರೋಗ ತಿಂದಿತು, ಈ ವರ್ಷ ಹೆಸರನ್ನು ಬಿಸಿಲು ತಿನ್ನುತ್ತಿದೆ" ಎಂದರು. ದನಿಯಲ್ಲಿ ದುಃಖಕ್ಕಿಂತ ಬೇಸರ ಹೆಚ್ಚಿತ್ತು, ಪದೇಪದೇ ಕೈಕೊಡುವ ನೆಂಟನ ಬಗ್ಗೆ ಮಾತಾಡುವ ಹಾಗೆ.

ನೆಲದಲ್ಲಿ ಬೆರಳು ಹೋಗುವಷ್ಟು ಬಿರುಕು. ಎರೆ ಮಣ್ಣಿನ ಗುಣವೇ ಅದು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಸೀಳುತ್ತದೆ. ಸೀಳಿದ ಬಾಯಿಯಿಂದ ಆಳದ ತೇವವೂ ಆವಿಯಾಗಿ ಹೋಗುತ್ತದೆ, ಎಳೆಯ ಬೇರುಗಳು ಹರಿಯುತ್ತವೆ. ಇದಕ್ಕೆ ರೈತರ ಮದ್ದು ಎಡೆಕುಂಟೆ. ಸಾಲಿನ ನಡುವೆ ಎಡೆ ಹೊಡೆದರೆ ಮೇಲಿನ ಮಣ್ಣು ಪುಡಿಯಾಗಿ ಬಿರುಕು ಮುಚ್ಚುತ್ತದೆ, ಆ ಪುಡಿಯೇ ಕೆಳಗಿನ ತೇವಕ್ಕೆ ಹೊದಿಕೆ. ಮಳೆ ಬಾರದ ವಾರಗಳಲ್ಲಿ ಮಾಡಬಹುದಾದ ದೊಡ್ಡ ಕೆಲಸ ಇದೊಂದೇ. ಆದರೆ ಅಂದು ಪಂಚಮಿ. ನಾಗಪ್ಪನ ಹಬ್ಬದಂದು ನೆಲ ಅಗೆಯುವ ಹಾಗಿಲ್ಲ, ಉಳುವ ಹಾಗಿಲ್ಲ. ಎಡೆಕುಂಟೆಯನ್ನು ಗೋಡೆಗೆ ಒರಗಿಸಿ, ಎತ್ತುಗಳ ಮೈ ತೊಳೆದು ಕಟ್ಟಿದ್ದರು. ಕಾಕಾ ಬಿರುಕುಗಳನ್ನು ನೋಡುತ್ತ ನಡೆದರು, ಒಂದೆರಡನ್ನು ಚಪ್ಪಲಿಯಿಂದ ಮುಚ್ಚಿದರು. ಅದು ಅಗೆದಂತಾಗುವುದಿಲ್ಲವೆಂದು ಅವರ ಲೆಕ್ಕ ಇರಬೇಕು.

ತೊಗರಿಯ ಬಗ್ಗೆ ಅವರಿಗೆ ಇನ್ನೂ ಭರವಸೆ ಇತ್ತು. ಅದರ ಬೇರು ಆಳಕ್ಕೆ ಇಳಿಯುತ್ತದೆ, ಕೊಯ್ಲು ಡಿಸೆಂಬರ್‌ಗೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಈ ನೆಲದ ಸುಣ್ಣದ ಅಂಶವೇ ಆ ಬೇಳೆಯ ರುಚಿಗೆ ಕಾರಣ ಎನ್ನುತ್ತಾರೆ. ಆ ವಾರ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಕ್ವಿಂಟಲ್‌ಗೆ ಒಂಬತ್ತು ಸಾವಿರ ದಾಟಿತ್ತು, ಬೆಂಬಲ ಬೆಲೆ 7,000. "ದರ ಇದೆ, ಮಾಲು ಇಲ್ಲ. ಮಾಲು ಇದ್ದಾಗ ದರ ಇರುವುದಿಲ್ಲ" ಎಂದು ಕಾಕಾ ನಕ್ಕರು.

ಊಟಕ್ಕೆ ಕುಚ್ಚಿದ ಕಡುಬು, ಜೋಳದ ಅಳ್ಳು, ತಂಬಿಟ್ಟು. ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ ಮಾತ್ರ ಮೂರು ಗಂಟೆಯವರೆಗೆ ಖಾಲಿ ಇತ್ತು. ನೆರಳು ಮರದ ಈಚೆಗೆ ಸರಿದ ಮೇಲೆ ಹುಡುಗಿಯರು ಬಂದರು. ನಾನೂ ಆಡಿದೆ. ಮೇಲೆ ಹೋದಾಗ ದೂರದವರೆಗೆ ಕಾಣುತ್ತಿತ್ತು: ಹೊಲ, ಹೊಲ, ಎಲ್ಲ ಹಸಿರು. ಜಿಲ್ಲಾಧಿಕಾರಿಯೋ ಮಂತ್ರಿಯೋ ಕಾರಿನ ಕಿಟಕಿಯಿಂದ ನೋಡುವುದೂ ಇದನ್ನೇ. ಮುಂದೆ ಅಕ್ಟೋಬರ್‌ನಲ್ಲಿ ಕೇಂದ್ರದ ತಂಡ ಬಂದಾಗ ರಾಜ್ಯದ ಮಂತ್ರಿಗಳು ಇದನ್ನು ಹಸಿರು ಬರ ಎಂದು ಕರೆದು, ಗಿಡ ಇದೆ, ಕಾಳಿಲ್ಲ ಎಂದು ವಿವರಿಸಬೇಕಾಯಿತು. ಕೇಂದ್ರದ 2016ರ ಬರ ಕೈಪಿಡಿಯಲ್ಲಿ ಬರ ಸಾಬೀತಾಗಬೇಕಾದರೆ ಮೊದಲು ಮಳೆಯ ಕೊರತೆ ಅಥವಾ ಮೂರು ನಾಲ್ಕು ವಾರಗಳ ಒಣಹವೆ ಕಾಣಬೇಕು, ನಂತರ ಬಿತ್ತನೆ ಪ್ರದೇಶ, ಉಪಗ್ರಹ ಚಿತ್ರದ ಹಸಿರು, ಮಣ್ಣಿನ ತೇವ, ಜಲಾಶಯಗಳ ಮಟ್ಟ. ಆಮೇಲೆ ತಾಲ್ಲೂಕಿನ ನೂರರಲ್ಲಿ ಹತ್ತು ಹಳ್ಳಿಗಳಿಗೆ ಹೋಗಿ ಕಣ್ಣಾರೆ ಪರೀಕ್ಷೆ. ಉಪಗ್ರಹಕ್ಕೆ ಹಸಿರು ಕಾಣುತ್ತದೆ. ಹೆಸರಿನ ಕಾಯಿಯನ್ನು ಬಿಡಿಸಿ ನೋಡಲು ಅದಕ್ಕೆ ಉಗುರಿಲ್ಲ.

ಮಂಗಳವಾರ, ಆಗಸ್ಟ್ 22

ಗೆಳತಿಗೆ ಕಾಲೇಜಿತ್ತು, ಯಾದಗಿರಿಗೆ ಒಬ್ಬಳೇ ಹೊರಟೆ. ರೈಲು ಶಹಾಬಾದ್, ವಾಡಿ ದಾಟುವಾಗ ಎರಡೂ ಕಡೆ ಕಲ್ಲಿನ ಗಣಿಗಳು, ಅಡುಕಿಟ್ಟ ಫರ್ಸಿಗಳು, ಸಿಮೆಂಟ್ ಕಾರ್ಖಾನೆಗಳ ಚಿಮಣಿಗಳು. ಕರ್ನಾಟಕದ ಎಷ್ಟೋ ಮನೆಗಳ ನೆಲ ಇಲ್ಲಿಂದ ಹೋದದ್ದು. ಆ ಕಲ್ಲು ನೆಲಕ್ಕೆ ಹಾಸಿದರೆ ತಂಪು. ಛಾವಣಿಗೆ ಹೊದಿಸಿದರೆ ರಾತ್ರಿ ಹತ್ತರವರೆಗೂ ಹಗಲಿನ ಕಾವನ್ನು ಕೆಳಗಿಳಿಸುತ್ತದೆ. ಇಲ್ಲಿನ ಬಡವರ ಮನೆಗಳಿಗೆ ಎರಡೂ ಅದೇ ಕಲ್ಲು.

ನಾಲವಾರದಲ್ಲಿ ಇಳಿದು ಸನ್ನತಿಗೆ ಟಂಟಂ ಆಟೋ ಹಿಡಿದೆ. ಭೀಮೆಯ ದಂಡೆಯ ಚಂದ್ರಲಾಂಬೆಯ ಗುಡಿ. 1986ರಲ್ಲಿ ಈ ಆವರಣದ ಕಾಳಿಕಾ ಗುಡಿಯ ಛಾವಣಿ ಕುಸಿದಾಗ ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಉತ್ಖನನದಲ್ಲಿ ದೊಡ್ಡ ಸ್ತೂಪ ಬಂತು, ಅದರ ಫಲಕವೊಂದರಲ್ಲಿ ರಾಣಿಯ ಜೊತೆ ನಿಂತ ರಾಜ, ಜೊತೆಗೆ ಬ್ರಾಹ್ಮಿಯಲ್ಲಿ 'ರಾಯ ಅಸೋಕೋ'. ಅಶೋಕ ಎಂದೊಡನೆ ನಮ್ಮ ಶಾಲೆಯ ಪುಸ್ತಕ ನೆನಪಾಗುತ್ತದೆ, ಸಾಲುಮರ ನೆಡಿಸಿದ, ಬಾವಿ ತೋಡಿಸಿದ ಎಂದು. ಮನುಷ್ಯರಿಗೂ ಪ್ರಾಣಿಗಳಿಗೂ ದಾರಿಯಲ್ಲಿ ಬಾವಿ, ಮರ ಎಂದು ಹೇಳುವುದು ಅವನ ಎರಡನೆಯ ಬಂಡೆಗಲ್ಲು ಶಾಸನ. ಸನ್ನತಿಯಲ್ಲಿ ಸಿಕ್ಕಿದ್ದು ಅದಲ್ಲ, ಬೇರೆಯವು. ಫಲಕದ ಎದುರು ನೆರಳಿಲ್ಲದೆ ನಿಂತಾಗ ಆ ಎರಡನೆಯದೇ ಇಲ್ಲಿ ಸಿಗಬಾರದಿತ್ತೇ ಎಂದು ತಮಾಷೆಗೆ ಅಂದುಕೊಂಡೆ.

ಬ್ಯಾರೇಜಿನ ಹಿಂದೆ ನೀರು ನಿಂತಿತ್ತು. ದಂಡೆಯಲ್ಲಿ ಸಾಲಾಗಿ ಪಂಪ್‌ಸೆಟ್ಟುಗಳು, ಹೊಲಗಳತ್ತ ಹಾವಿನಂತೆ ಹೊರಟ ಕರಿ ಪೈಪುಗಳು. ನದಿಯ ಮಗ್ಗುಲಿನ ಹತ್ತಿ ಮೈತುಂಬಿಕೊಂಡಿತ್ತು. ಪೈಪು ಮುಗಿದಲ್ಲಿಗೆ ಹತ್ತಿಯ ಎತ್ತರವೂ ಅರ್ಧ. ಒಬ್ಬ ಮುತ್ಯಾ ಪಂಪಿನ ಪಕ್ಕ ಕೂತು ಕರೆಂಟಿಗೆ ಕಾಯುತ್ತಿದ್ದರು. ಎಷ್ಟು ಹೊತ್ತಿಗೆ ಬರುತ್ತದೆ ಮುತ್ಯಾ ಎಂದರೆ, "ಅದು ಬಂದಾಗ ನಾನಿಲ್ಲಿ ಇರಬೇಕು, ಅಷ್ಟೇ ತಂಗಿ" ಎಂದರು. ಮಳೆಗಾಲದಲ್ಲಿ ಪಂಪು ಓಡಿಸಬೇಕಾಗಿ ಬಂದಾಗ ಬೇಡಿಕೆ ಏರುತ್ತದೆ, ಕರೆಂಟು ಸೋಲುತ್ತದೆ.

ಬುಧವಾರ, ಆಗಸ್ಟ್ 23

ಯಾದಗಿರಿಯ ಬಂಡೆಗುಡ್ಡದ ಮೇಲಿನ ಕೋಟೆಗೆ ಬೆಳಗಿನ ಆರಕ್ಕೇ ಹತ್ತಿದೆ. ಏಳೂವರೆಗೆ ಬಂಡೆ ಮುಟ್ಟಲಾಗಲಿಲ್ಲ, ಇಳಿದುಬಿಟ್ಟೆ. ಕೋಟೆಯ ಬಗ್ಗೆ ಹೆಚ್ಚು ಬರೆಯುವಷ್ಟು ನೋಡಲೇ ಇಲ್ಲ.

ಶಹಾಪುರದ ದಾರಿ ಹಿಡಿದು ಭೀಮೆ ದಾಟಿದೆ. ಆಚೆ ಸ್ವಲ್ಪ ದೂರ ಒಣಬೇಸಾಯ: ಹತ್ತಿ, ತೊಗರಿ, ಬಾಡಿದ ಹೆಸರು. ಆಮೇಲೆ ಕೃಷ್ಣೆಯ ಕಾಲುವೆಯ ಪ್ರದೇಶ. ನಾರಾಯಣಪುರದ ಎಡದಂಡೆ ಕಾಲುವೆಯ ಶಹಾಪುರ ಶಾಖೆಯಲ್ಲಿ ನೀರು ಹರಿಯುತ್ತಿತ್ತು. ಗದ್ದೆಗಳಲ್ಲಿ ಮೊಣಕಾಲವರೆಗೆ ನೀರು, ಬಾಗಿ ನಾಟಿ ಮಾಡುವ ಹೆಂಗಸರ ಸಾಲು. ಒಂದು ಕ್ಷಣ ಶಿರಸಿಗೆ ಬಂದೆನೇನೋ ಅನ್ನಿಸಿತು. ಒಂದೇ ಆಕಾಶ, ಒಂದೇ ಬಿಸಿಲು. ಕೃಷ್ಣೆಗೆ ಸಹ್ಯಾದ್ರಿಯ ಜುಲೈ ಮಳೆ ಸಿಕ್ಕಿದೆ, ಭೀಮೆಯ ಮಳೆ ಉಜನಿಯಲ್ಲೇ ಸಾಲದಾಗಿದೆ. ನಾಟಿಗೆ ಬಂದ ಹೆಂಗಸರಲ್ಲಿ ಕೆಲವರು ನದಿಯ ಆಚೆಯವರು. "ನಮ್ಮ ಹೊಲದಲ್ಲಿ ಕಳೆ ತೆಗೆಯುವ ಕೆಲಸವೂ ಇಲ್ಲ ಅಕ್ಕಾ, ಕಳೆಯೇ ಒಣಗಿದೆ" ಎಂದರು ಒಬ್ಬರು. ಈ ಕೂಲಿ ಮುಗಿದರೆ ಮುಂದೆ? ಗುಳೆ. ಪುಣೆಗೋ ಬೆಂಗಳೂರಿಗೋ ಎಂಬುದಷ್ಟೇ ತೀರ್ಮಾನವಾಗಬೇಕು. ಸಾಮಾನ್ಯವಾಗಿ ಸುಗ್ಗಿಯ ನಂತರ ಹೊರಡುವವರು ಶ್ರಾವಣದಲ್ಲೇ ಆ ಮಾತು ಶುರುಮಾಡಿದ್ದರು.

ಶಹಾಪುರದ ಹೊರಗೆ ಬುದ್ಧ ಮಲಗಿದಂತೆ ಕಾಣುವ ಬೆಟ್ಟದ ಸಾಲಿದೆ. ಅದನ್ನು ನೋಡುವ ಸರಿಯಾದ ಕೋನದಲ್ಲೇ ಒಂದು ಚಹಾದಂಗಡಿ. ಸಂಜೆ ಐದೂವರೆಗೆ ಅಲ್ಲಿ ಕಾಲಿಡಲು ಜಾಗವಿರಲಿಲ್ಲ, ಎಲ್ಲರ ಕಣ್ಣು ಟಿವಿಯ ಮೇಲೆ. 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯಿತು. ಶಿಳ್ಳೆ, ಚಪ್ಪಾಳೆ, ಅಂಗಡಿಯವರಿಂದ ಎಲ್ಲರಿಗೂ ಪುಕ್ಕಟೆ ಚಹಾ. ಅಲ್ಲಿಗೇ ಏಕೆ ಹೋದರು ಎಂದು ಹುಡುಗನೊಬ್ಬ ಕೇಳಿದ. ಅಲ್ಲಿ ಬಿಸಿಲು ಬೀಳದ ಕುಳಿಗಳಿವೆ, ಹಿಮಗಟ್ಟಿದ ನೀರಿರಬಹುದು, ಚಂದ್ರನಲ್ಲಿ ನೀರಿನ ಅಣುಗಳ ಸುಳಿವು ಮೊದಲು ಕೊಟ್ಟವುಗಳಲ್ಲಿ ನಮ್ಮ ಮೊದಲ ಚಂದ್ರಯಾನವೂ ಒಂದು ಎಂದೆ. ಮೂಲೆಯ ಬೆಂಚಿನಿಂದ ಒಬ್ಬರು "ಒಂದು ಟ್ಯಾಂಕರ್ ಇತ್ತ ಕಳಿಸಲು ಹೇಳಿ" ಎಂದರು. ಆ ನಗು ವಿಕ್ರಮ್ ಇಳಿದಾಗಿನ ಚಪ್ಪಾಳೆಗಿಂತ ಜೋರಾಗಿತ್ತು.

ಗುರುವಾರ, ಆಗಸ್ಟ್ 24

ಯಾದಗಿರಿಯಿಂದ ಕಲಬುರಗಿ, ಅಲ್ಲಿಂದ ಹುಮನಾಬಾದ್ ಮೇಲೆ ಬೀದರ್. ಇಡೀ ದಿನ ಬಸ್ಸು, ಬಿಸಿಗಾಳಿ ಬೀಸುವ ಕಿಟಕಿ. ಪಕ್ಕದವರ ಪತ್ರಿಕೆಯಲ್ಲಿ ಹಿಮಾಚಲದ ಭೂಕುಸಿತದ ಚಿತ್ರಗಳಿದ್ದವು. ಆ ನೆರೆಗೂ ಈ ಬಿಸಿಲಿಗೂ ಬೇರು ಒಂದೇ. ಮಳೆಗಾಲದ ಕಡಿಮೆ ಒತ್ತಡದ ಪಟ್ಟಿ ದೇಶದ ನಡುವೆ ಇದ್ದರೆ ನಮಗೆಲ್ಲ ಮಳೆ. ಅದು ಹಿಮಾಲಯದ ಬುಡಕ್ಕೆ ಸರಿದರೆ ಮಳೆಯೆಲ್ಲ ಅಲ್ಲಿ ಸುರಿದು ದಖನ್ ಒಣಗುತ್ತದೆ. ಇದು ಪ್ರತಿ ವರ್ಷ ಕೆಲವು ದಿನ ಆಗುವಂಥದ್ದೇ. ಈ ಸಲ ಶಾಂತಸಾಗರದ ನೀರು ಬಿಸಿಯೇರುವ ಎಲ್ ನಿನೋ ಕೂಡ ಇತ್ತು, ವಿರಾಮ ತಿಂಗಳಿಗೆ ಹಿಗ್ಗಿತು. ದೇಶಕ್ಕೆ ಆಗಸ್ಟ್‌ನಲ್ಲಿ ವಾಡಿಕೆಯಂತೆ ಸುಮಾರು 255 ಮಿಲಿಮೀಟರ್ ಬೀಳಬೇಕು, ಬಿದ್ದದ್ದು 163ರಷ್ಟು. 1901ರಿಂದ ಇಟ್ಟ ಲೆಕ್ಕದಲ್ಲಿ ಇಷ್ಟು ಒಣ ಆಗಸ್ಟ್ ಇನ್ನೊಂದಿಲ್ಲ, ಇಷ್ಟು ಬಿಸಿಯದ್ದೂ ಇಲ್ಲ. ಎರಡೂ ಜೊತೆಯಾಗಿ ಬರುವುದು ಆಕಸ್ಮಿಕವಲ್ಲ. ನೆಲ ತೇವವಾಗಿದ್ದರೆ ಬಿಸಿಲಿನ ಬಹುಪಾಲು ಆ ತೇವವನ್ನು ಆರಿಸುವುದರಲ್ಲೇ ಖರ್ಚಾಗುತ್ತದೆ. ತೇವ ಮುಗಿದ ಮೇಲೆ ಅದು ಪೂರ್ತಿ ಮಣ್ಣನ್ನೂ ಗಾಳಿಯನ್ನೂ ಕಾಯಿಸುತ್ತದೆ. ಇಷ್ಟನ್ನು ಪಕ್ಕದವರಿಗೆ ಹೇಳಿದೆ. ಅವರು ಕೇಳಿಸಿಕೊಂಡು, "ಬಂದರೆ ಮಘೆ, ಹೋದರೆ ಹೊಗೆ" ಎಂದು ನಾಲ್ಕು ಪದಗಳಲ್ಲಿ ಮುಗಿಸಿದರು.

ಶುಕ್ರವಾರ, ಆಗಸ್ಟ್ 25

ಬೀದರ್ ಕಲಬುರಗಿಗಿಂತ ಸುಮಾರು ಇನ್ನೂರು ಮೀಟರ್ ಎತ್ತರದಲ್ಲಿದೆ. ಬೆಳಿಗ್ಗೆ ಗಾಳಿ ಬೇರೆಯೇ. ಬಹಮನಿ ಸುಲ್ತಾನರು ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ಸಾಗಿಸಿದ್ದಕ್ಕೆ ಚರಿತ್ರೆಯ ಪುಸ್ತಕಗಳು ಅನೇಕ ಕಾರಣ ಕೊಡುತ್ತವೆ. ಹವೆಯೂ ಆ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಆದರೆ ಗುಡ್ಡದ ನೆತ್ತಿಯ ಊರಿಗೆ ನೀರು? ಅದನ್ನು ನೋಡಲೆಂದೇ ನೌಬಾದ್‌ಗೆ ಹೋದೆ.

ಅಲ್ಲಿ ನೆಲದ ಕೆಳಗೆ ಎರಡು ಕಿಲೋಮೀಟರಿಗೂ ಉದ್ದದ ಸುರಂಗವಿದೆ. ಪರ್ಷಿಯಾದ ಕಾರೇಜ್, ಇಲ್ಲಿಯವರ ಬಾಯಲ್ಲಿ ಸುರಂಗ ಬಾವಿ. ಮೇಲಿನಿಂದ ಕಾಣುವುದು ಹೊಲಗಳ ನಡುವೆ ಸಾಲಾಗಿ ಬಂದ ಬಾವಿಗಳು ಮಾತ್ರ. ಅವು ಸುರಂಗ ತೋಡುವಾಗ ಮಣ್ಣೆತ್ತಲು, ಆಮೇಲೆ ಗಾಳಿಗೆ, ನೀರು ಸೇದಲು. ಬೀದರ್‌ನ ಕೆಂಪು ಜಂಬಿಟ್ಟಿಗೆ ಕಲ್ಲು ತೂತುತೂತು. ಬಿದ್ದ ಮಳೆಯನ್ನು ಒಳಗೆ ಇಳಿಸಿಕೊಳ್ಳುತ್ತದೆ. ಅದರ ಕೆಳಗಿನ ಕರಿಕಲ್ಲು ಬಿಗಿ, ನೀರನ್ನು ಬಿಡುವುದಿಲ್ಲ. ಆ ಎರಡರ ಸಂದಿಯಲ್ಲಿ ಹರಿಯುವ ನೀರನ್ನು ಹುಡುಕಿ, ಸಣ್ಣ ಇಳಿಜಾರು ಕೊಟ್ಟು, ಪಂಪಿಲ್ಲದೆ ಊರಿನ ಕಡೆಗೆ ನಡೆಸಿದ್ದಾರೆ. ಬಿಸಿಲು ಮುಟ್ಟದ ಕಾರಣ ದಾರಿಯಲ್ಲಿ ಆವಿಯಾಗುವ ಪ್ರಶ್ನೆಯೇ ಇಲ್ಲ. ಐದಾರು ಶತಮಾನದ ಹಿಂದಿನವರು ಇದನ್ನು ಯಾವ ತಿಂಗಳಿಗೆಂದು ಕಟ್ಟಲಿಲ್ಲ. ಅದು ಮೇ ತಿಂಗಳಿಗೂ ಆದೀತು, ಹುಸಿಹೋದ ಆಗಸ್ಟ್‌ಗೂ ಆದೀತು.

ನಾವು ಅದನ್ನು ಹೂಳು, ಕಸ ತುಂಬಿಸಿ ಮರೆತಿದ್ದೆವು. ಕಳೆದ ದಶಕದಲ್ಲಿ ಕೆಲವು ಭಾಗ ತೆಗೆದು ಸ್ವಚ್ಛ ಮಾಡಿದರು. ದಖನ್ ಪ್ರಸ್ಥಭೂಮಿಯ ಹಳೆಯ ನೀರಿನ ವ್ಯವಸ್ಥೆಗಳನ್ನು ವಿಶ್ವ ಸ್ಮಾರಕ ನಿಧಿ 2020ರ ತನ್ನ ಗಮನಪಟ್ಟಿಗೆ ಸೇರಿಸಿತು. ಮೆಟ್ಟಿಲಿಳಿದು ಸುರಂಗದ ಬಾಯಲ್ಲಿ ನಿಂತಾಗ ಕಾಲ ಬಳಿ ತಣ್ಣನೆಯ ಗಾಳಿ. ಆದರೆ ಮೇಲೆ ಬಂದು ಸುತ್ತ ನೋಡಿದರೆ ಬಡಾವಣೆಯ ಕಲ್ಲುಗಳು, ಕೊಳವೆಬಾವಿಯ ಕೇಸಿಂಗ್ ಪೈಪುಗಳು. ಸಂದಿಯಲ್ಲಿ ಹರಿಯುವ ನೀರನ್ನು ಸುರಂಗ ಪಾಲಿಗೆ ಬಂದಷ್ಟೇ ಪಡೆಯುತ್ತದೆ. ಕೊಳವೆಬಾವಿ ಆ ಸಂದಿಯನ್ನೂ ದಾಟಿ ಕೆಳಗಿಳಿಯುತ್ತದೆ. ಎರಡೂ ಒಟ್ಟಿಗೆ ಬದುಕುವುದು ಕಷ್ಟ. ಸುರಂಗ ತೊಳೆದಿಟ್ಟು ಟಿಕೆಟ್ ಹಚ್ಚಿದರೆ ಅದು ಉಳಿಯಿತೆಂದು ನನಗನ್ನಿಸುವುದಿಲ್ಲ.

ಅದೇ ಭೂಗುಣದ ಇನ್ನೊಂದು ಫಲ ನಾನಕ್ ಝೀರಾ ಗುರುದ್ವಾರದ ಬುಗ್ಗೆ. ಗುರುನಾನಕರು ಪಾದದಿಂದ ಕಲ್ಲು ಸರಿಸಿದಾಗ ಸಿಹಿನೀರು ಚಿಮ್ಮಿತು ಎಂಬುದು ನಂಬಿಕೆ. ಅಂದು ವರಮಹಾಲಕ್ಷ್ಮಿ ಹಬ್ಬ. ಗುಡಿ ಮುಗಿಸಿ ಬಂದ ಹೆಂಗಸರೂ ಅಲ್ಲಿದ್ದರು. ತಲೆಗೆ ಸೆರಗು ಹೊದ್ದು ಬೊಗಸೆಯೊಡ್ಡಿದೆ. ಬೊಗಸೆ ತುಂಬಿ ಮೊಣಕೈವರೆಗೆ ಹರಿಯಿತು. ಲಂಗರಿನ ರೊಟ್ಟಿ, ಬೇಳೆ ಉಂಡು, ಬಹಮನಿಗಳ ಮಂತ್ರಿ ಮಹಮೂದ್ ಗಾವಾನನ ಮದರಸಾದ ನೆರಳಲ್ಲಿ ಸಂಜೆಯವರೆಗೆ ಕೂತೆ. 1472ರ ಆ ಕಟ್ಟಡದ ಉಳಿದ ನೀಲಿ ಹೆಂಚುಗಳ ಬಣ್ಣವನ್ನು ಎಷ್ಟು ಬಿಸಿಲೂ ಕುಂದಿಸಿಲ್ಲ.

ಶನಿವಾರ, ಆಗಸ್ಟ್ 26

ಹೊರಡುವ ಮುಂಚೆ ಭಾಲ್ಕಿಯ ದಾರಿಯಲ್ಲಿ ಒಂದಿಷ್ಟು ದೂರ ಹೋಗಿಬಂದೆ. ಬೀದರ್‌ನಲ್ಲಿ ಈಗ ಸೋಯಾದ್ದೇ ಕಾರುಬಾರು. ಕಪ್ಪುನೆಲದಲ್ಲಿ ಸೋಯಾ ತಡೆದುಕೊಂಡಿತ್ತು, ಮರಡಿಯ ಕಲ್ಲುನೆಲದಲ್ಲಿ ಎಲೆ ಕೆಂಪಾಗಿತ್ತು. ಸ್ಪ್ರಿಂಕ್ಲರ್ ತಿರುಗಿಸುತ್ತಿದ್ದ ರೈತರೊಬ್ಬರು ಬೆಳೆವಿಮೆಯ ರಸೀದಿಯನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿದ್ದರು. ಮುಂಗಾರಿಗೆ ವಿಮಾ ಮೊತ್ತದ ನೂರಕ್ಕೆ ಎರಡು ರೈತರ ಕಂತು. ಪರಿಹಾರ ಮಾತ್ರ ಪಂಚಾಯಿತಿ ಮಟ್ಟದ ಬೆಳೆ ಕಟಾವು ಪ್ರಯೋಗದ ಸರಾಸರಿಯ ಮೇಲೆ. "ಕಟಾವಿಗೆ ಆರಿಸುವ ಹೊಲ ನೀರಾವರಿಯವರದ್ದಾದರೆ ನನ್ನ ಕಥೆ ಮುಗಿಯಿತು" ಎಂದವರೇ ಸ್ಪ್ರಿಂಕ್ಲರನ್ನು ನೋಡಿ, "ನನ್ನದೇ ಬಂದರೆ ಉಳಿದವರ ಕಥೆ ಮುಗಿಯಿತು" ಎಂದರು.

ರಾತ್ರಿ ಬಸ್ಸಿಗೆ ಊರಿಗೆ ಹೊರಟೆ.

ಸೆಪ್ಟೆಂಬರ್ ಮೊದಲ ವಾರ ಆ ಕಡೆ ಮಳೆ ಬಂತು. 13ರಂದು ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು, ಅದರಲ್ಲಿ 161 ತೀವ್ರ. ಪಟ್ಟಿ ಆಮೇಲೆ 223ಕ್ಕೆ ಬೆಳೆಯಿತು. ಘೋಷಣೆಯ ದಿನ ಗೆಳತಿ ಕಾಕಾನ ಕೈಗೆ ಫೋನ್ ಕೊಟ್ಟಳು. ಹೆಸರು ಬಿಡಿಸಲು ಕೊಡುವ ಕೂಲಿಯೂ ಹುಟ್ಟುವುದಿಲ್ಲವೆಂದು ದನ ಬಿಟ್ಟು ಮೇಯಿಸಿದ್ದರಂತೆ. ತೊಗರಿ ಚಿಗುರಿದೆಯಂತೆ. ಖಾಲಿಯಾದ ನೆಲಕ್ಕೆ ಏನು ಎಂದು ಕೇಳಿದೆ. "ಉತ್ತರೆ ಹಿಡಿದರೆ ಕಡಲೆ, ಹಿಡಿಯದಿದ್ದರೆ ಕುಸುಬೆ. ರೈತ ಸಂಪರ್ಕ ಕೇಂದ್ರದಲ್ಲಿ ಕಡಲೆ ಬೀಜ ಇನ್ನೂ ಬಂದಿಲ್ಲ, ನಾಳೆ ಮತ್ತೆ ಹೋಗಿ ಕೇಳಬೇಕು" ಎಂದರು.